ಸೀಸನ್‌ಗೆ ನಾಲ್ಕೇ ದಿನ ಇರುವಾಗ ಬದಲಾದ ಕೋಚ್: ನಾರ್ತ್ ಕೆರೊಲಿನಾ ಮಹಿಳಾ ಸಾಕರ್, 2024

2024ರ ಆಗಸ್ಟ್ 11, ಭಾನುವಾರ. ಅಮೆರಿಕದ ಕಾಲೇಜು ಮಹಿಳಾ ಸಾಕರ್ ಸೀಸನ್ ಶುರುವಾಗಲು ನಾಲ್ಕು ದಿನ ಬಾಕಿ ಇತ್ತು. ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಿಂದ ಒಂದು ಸುದ್ದಿ ಬಂತು. ಮಹಿಳಾ ತಂಡದ ಹೆಡ್ ಕೋಚ್ ಆನ್ಸನ್ ಡೊರಾನ್ಸ್ ನಿವೃತ್ತಿ ತೆಗೆದುಕೊಳ್ಳುತ್ತಿದ್ದಾರೆ, ಅಸೋಸಿಯೇಟ್ ಹೆಡ್ ಕೋಚ್ ಡೇಮನ್ ನಹಾಸ್ ಹಂಗಾಮಿಯಾಗಿ ತಂಡ ನಡೆಸುತ್ತಾರೆ ಅಂತ.

ಈ ಕ್ರೀಡೆಯನ್ನು ಹಿಂಬಾಲಿಸದವರಿಗೆ ಇದರ ತೂಕ ಗೊತ್ತಾಗುವುದು ಕಷ್ಟ. 1979ರಲ್ಲಿ ಆ ವಿಶ್ವವಿದ್ಯಾಲಯ ಮಹಿಳಾ ತಂಡ ಕಟ್ಟಿದಾಗಿನಿಂದ ಅದಕ್ಕೆ ಇದ್ದ ಹೆಡ್ ಕೋಚ್ ಒಬ್ಬರೇ. 45 ಸೀಸನ್, ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ 21 ರಾಷ್ಟ್ರೀಯ ಟೈಟಲ್. ಎನ್‌ಸಿಎಎ ಟೂರ್ನಿ ಹುಟ್ಟುವ ಮುಂಚೆ, 1981ರಲ್ಲಿ, ಹಳೆಯ ಎಐಎಡಬ್ಲ್ಯು ಸಂಸ್ಥೆಯಡಿ ಗೆದ್ದದ್ದು ಇನ್ನೊಂದು. ಅಮೆರಿಕ ರಾಷ್ಟ್ರೀಯ ತಂಡದ ತಾರೆಯರಾದ ಮಿಯಾ ಹ್ಯಾಮ್, ಕ್ರಿಸ್ಟೀನ್ ಲಿಲ್ಲಿ, ಟೋಬಿನ್ ಹೀತ್, ಕ್ರಿಸ್ಟಲ್ ಡನ್ ಎಲ್ಲರೂ ಇದೇ ತಂಡದಿಂದ ಬಂದವರು. ಇಂಗ್ಲೆಂಡಿನ ಲೂಸಿ ಬ್ರಾಂಜ್, ಅಲೆಸಿಯಾ ರುಸ್ಸೊ ಕೂಡ ಇಲ್ಲಿ ಆಡಿ ಹೋದವರೇ. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಅಮೆರಿಕಕ್ಕೆ ಗೆದ್ದುಕೊಟ್ಟ ಕೋಚ್ ಕೂಡ ಡೊರಾನ್ಸ್. ಅಂದಹಾಗೆ, ಅವರು ಹುಟ್ಟಿದ್ದು 1951ರಲ್ಲಿ, ನಮ್ಮ ಮುಂಬಯಿಯಲ್ಲಿ. ತಂದೆ ತೈಲ ಕಂಪನಿಯ ಕೆಲಸದಲ್ಲಿದ್ದುದರಿಂದ ಬೆಳೆದದ್ದು ಬೇರೆ ಬೇರೆ ದೇಶಗಳಲ್ಲಿ.

ಅಂಥವರ ಜಾಗಕ್ಕೆ ನಾಲ್ಕು ದಿನದಲ್ಲಿ ಒಬ್ಬರನ್ನು ಕೂರಿಸಬೇಕು. ಕಥೆ ಎಲ್ಲಿಗೆ ಮುಟ್ಟಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಡಿಸೆಂಬರ್ 9ರಂದು ನಹಾಸ್ ಅವರ ತಂಡ ವೇಕ್ ಫಾರೆಸ್ಟ್ ವಿರುದ್ಧ 1-0 ಗೆದ್ದು 22ನೇ ಎನ್‌ಸಿಎಎ ಟೈಟಲ್ ತಂದಿತು. ಅದೇ ತಿಂಗಳು 'ಹಂಗಾಮಿ' ಅನ್ನುವುದು ಹೋಗಿ ಅವರು ಪೂರ್ಣಾವಧಿ ಕೋಚ್ ಆದರು. ಹೊರಗಿನಿಂದ ನೋಡಿದರೆ ಎಲ್ಲವೂ ಸಲೀಸಾಗಿ ಮುಗಿದ ಕೆಲಸ. ನನಗೆ ಹಾಗೆ ಕಾಣುವುದಿಲ್ಲ. ಟ್ರೋಫಿ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿತು, ಅದಕ್ಕಿಂತ ದೊಡ್ಡ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳದ ಹಾಗೆ ಮಾಡಿತು.

ನಿರೀಕ್ಷೆ ಬೆಳೆದ ಬಗೆ

ಲೆಕ್ಕ ನೋಡೋಣ. 1982ರಿಂದ 1994ರವರೆಗೆ 13 ಟೂರ್ನಿ ನಡೆದವು. ಅದರಲ್ಲಿ 12 ನಾರ್ತ್ ಕೆರೊಲಿನಾದ ಪಾಲು. ತಪ್ಪಿದ್ದು 1985 ಮಾತ್ರ, ಆ ವರ್ಷ ಜಾರ್ಜ್ ಮೇಸನ್ ಗೆದ್ದಿತು. ತೊಂಬತ್ತರ ದಶಕದಲ್ಲಿ ಒಮ್ಮೆ ಸತತ 92 ಪಂದ್ಯ ಗೆದ್ದಿದ್ದರು. 1994ರಲ್ಲಿ ನೋಟರ್ ಡೇಮ್ 0-0 ಡ್ರಾ ಮಾಡಿದಾಗಲೇ ಆ ಸರಪಳಿ ತುಂಡಾದದ್ದು. 1995ರಿಂದ 2000ದವರೆಗೆ ಆರರಲ್ಲಿ ನಾಲ್ಕು ಟೈಟಲ್. 2001ರಿಂದ 2012ರವರೆಗೆ ಹನ್ನೆರಡರಲ್ಲಿ ಐದು. 2013ರಿಂದ 2023ರವರೆಗಿನ ಹನ್ನೊಂದು ಸೀಸನ್‌ನಲ್ಲಿ ಒಂದೂ ಇಲ್ಲ.

ಈ ಅಂಕಿಗಳನ್ನು ನೋಡಿ ಕೋಚ್ ಮಂಕಾದರು ಅನ್ನುವುದು ಸುಲಭ. ಆದರೆ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಬೇಕು. 1982ರ ಮೊದಲ ಎನ್‌ಸಿಎಎ ಟೂರ್ನಿಯಲ್ಲಿ ಆಡಿದ್ದು 12 ತಂಡ. 2001ರಿಂದ 64 ತಂಡ. ಕ್ರೀಡೆಯಲ್ಲಿ ಹೆಣ್ಣುಮಕ್ಕಳಿಗೂ ಸಮಾನ ಅವಕಾಶ ಕೊಡಬೇಕೆಂದ ಟೈಟಲ್ ನೈನ್ ಕಾನೂನು ಬಂದದ್ದು 1972ರಲ್ಲೇ. ಆದರೂ ಮಹಿಳಾ ಸಾಕರ್‌ಗೆ ನಿಜವಾಗಿ ದುಡ್ಡು, ಸ್ಕಾಲರ್‌ಶಿಪ್, ಮೈದಾನ ಕೊಡಲು ಬಹಳಷ್ಟು ಕಾಲೇಜುಗಳು ಇಪ್ಪತ್ತು ವರ್ಷ ತೆಗೆದುಕೊಂಡವು. ಚಾಪೆಲ್ ಹಿಲ್ ಮೊದಲೇ ಹೊರಟಿತ್ತು. ಉಳಿದವರು ಬಂದು ಸೇರುವಷ್ಟರಲ್ಲಿ ಕಪಾಟು ತುಂಬಿತ್ತು. ಡೊರಾನ್ಸ್ ಅವರ ಸಾಮರ್ಥ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಪ್ರತಿ ಅಭ್ಯಾಸದ ಪ್ರತಿ ಸ್ಪರ್ಧೆಯ ಅಂಕಿ ಬರೆದಿಟ್ಟು, ಆಟಗಾರ್ತಿಯರಿಗೆ ರ‍್ಯಾಂಕ್ ಕೊಟ್ಟು, ಎಲ್ಲರಿಗೂ ಕಾಣುವ ಹಾಗೆ ಹಾಕುವ ಪದ್ಧತಿ ತಂದವರು ಅವರು. ಅದೇ ಕ್ಯಾಂಪಸ್ಸಿನ ಬಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್ ಅವರ ಅಭ್ಯಾಸ ನೋಡಿ ಕಲಿತದ್ದು ಅದು. ಹುಡುಗಿಯರು ಹೀಗೆ ಒಬ್ಬರ ಮೇಲೊಬ್ಬರು ಪೈಪೋಟಿ ಮಾಡುವುದಿಲ್ಲ ಅನ್ನುತ್ತಿದ್ದ ಕಾಲದಲ್ಲಿ ಮಾಡಿಸಿ ತೋರಿಸಿದರು.

ಆದರೂ ಹನ್ನೆರಡು ತಂಡಗಳ ಕಾಲದ ಅಳತೆಗೋಲನ್ನು ಅರವತ್ನಾಲ್ಕು ತಂಡಗಳ ಕಾಲಕ್ಕೆ ಹಿಡಿದರೆ ಯಾರೂ ಪಾಸಾಗುವುದಿಲ್ಲ. ಟೈಟಲ್ ಇಲ್ಲದ ಆ ಹನ್ನೊಂದು ವರ್ಷದಲ್ಲಿ ತಂಡ ಮೂರು ಸಲ ಫೈನಲ್ ಮುಟ್ಟಿತ್ತು. 2018ರಲ್ಲಿ ಫ್ಲಾರಿಡಾ ಸ್ಟೇಟ್ ಎದುರು 1-0 ಸೋಲು. 2019ರಲ್ಲಿ ಸ್ಟ್ಯಾನ್‌ಫರ್ಡ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲು. 2022ರದ್ದಂತೂ ನೋಡಲಾಗದ ಸೋಲು. ಯುಸಿಎಲ್‌ಎ ವಿರುದ್ಧ 2-0 ಮುಂದಿದ್ದರು. ಸುಮಾರು ಹತ್ತು ನಿಮಿಷ ಇರುವಾಗ ಒಂದು ಗೋಲು ಬಿಟ್ಟುಕೊಟ್ಟರು. ಪಂದ್ಯ ಮುಗಿಯಲು 16 ಸೆಕೆಂಡ್ ಇರುವಾಗ ಇನ್ನೊಂದು ಬಿಟ್ಟುಕೊಟ್ಟರು. ಎಕ್ಸ್‌ಟ್ರಾ ಟೈಮ್‌ನಲ್ಲಿ 3-2 ಸೋತರು. ಬೇರೆ ಯಾವ ಕಾಲೇಜಿನಲ್ಲಾದರೂ ಮೂರು ಫೈನಲ್ ಅಂದರೆ ಕೋಚ್‌ಗೆ ಸಂಬಳ ಜಾಸ್ತಿ ಮಾಡಿ ಕಳಿಸುತ್ತಾರೆ. ಇಲ್ಲಿ ಅದನ್ನು ಬರಗಾಲ ಅಂದರು.

ನಿಜವಾಗಿ ಚಿಂತೆ ಮಾಡುವಂಥ ಸೋಲುಗಳೂ ಇದ್ದವು ಅನ್ನಿ. 2021ರಲ್ಲಿ ಸೌತ್ ಕೆರೊಲಿನಾ ಕೈಯಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದರು. 2023ರ ಕ್ವಾರ್ಟರ್‌ಫೈನಲ್‌ನಲ್ಲಿ ಬ್ರಿಗಮ್ ಯಂಗ್ ವಿರುದ್ಧ ಅರ್ಧ ಆಟಕ್ಕೆ 3-0 ಮುಂದಿದ್ದು, ಕೊನೆಗೆ 4-3 ಸೋತರು. ಅದೇ ಡೊರಾನ್ಸ್ ಅವರ ಕೊನೆಯ ಪಂದ್ಯ ಆಗುತ್ತದೆ ಅಂತ ಅವತ್ತು ಯಾರಿಗೂ ಗೊತ್ತಿರಲಿಲ್ಲ.

ಆಗಸ್ಟ್‌ನಲ್ಲಿ ಇದ್ದ ದಾರಿಗಳು

ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ ನೋಡಿಕೊಳ್ಳುವ ಅಥ್ಲೆಟಿಕ್ ಡೈರೆಕ್ಟರ್ ಬಬ್ಬಾ ಕನ್ನಿಂಗ್‌ಹ್ಯಾಮ್ ಅವರ ಮುಂದೆ ಏನೇನಿತ್ತು? ದೇಶದಾದ್ಯಂತ ಹುಡುಕಿ ದೊಡ್ಡ ಹೆಸರನ್ನು ತರುವುದು ಒಂದು. ಆದರೆ ಆಗಸ್ಟ್ ನಡುವಿನಲ್ಲಿ ಎಲ್ಲ ಕೋಚ್‌ಗಳೂ ತಮ್ಮ ತಮ್ಮ ತಂಡದ ಜೊತೆ ಮೈದಾನದಲ್ಲಿರುತ್ತಾರೆ. ಯಾರೂ ಬಿಟ್ಟು ಬರುವುದಿಲ್ಲ. ಡೊರಾನ್ಸ್ ಅವರನ್ನೇ ಇನ್ನೊಂದು ಸೀಸನ್ ಇರಿ, ಡಿಸೆಂಬರ್‌ನಲ್ಲಿ ಹೋಗಿ ಅಂತ ಕೇಳಿಕೊಳ್ಳುವುದು ಇನ್ನೊಂದು. 73ರ ವಯಸ್ಸಿನಲ್ಲಿ ಸಾಕು ಅಂತ ತೀರ್ಮಾನಿಸಿದವರನ್ನು ಹಿಡಿದಿಟ್ಟುಕೊಂಡರೆ ಆಟಗಾರ್ತಿಯರಿಗೆ ಅದು ಮೂರೇ ದಿನದಲ್ಲಿ ಗೊತ್ತಾಗುತ್ತದೆ. ಉಳಿದದ್ದು ಒಳಗಿನವರಿಗೆ ಕೊಡುವುದು. 'ಹಂಗಾಮಿ' ಅಂತ ಸೇರಿಸುವುದೋ ಬೇಡವೋ ಅನ್ನುವಷ್ಟೇ ಆಯ್ಕೆ.

ಹೀಗಾಗಿ ಆಗಸ್ಟ್‌ನಲ್ಲಿ ಯಾರೂ ಕೋಚ್ ಆಯ್ಕೆ ಮಾಡಲಿಲ್ಲ ಅಂತಲೇ ನಾನು ಹೇಳುತ್ತೇನೆ. ಆಯ್ಕೆ ಯಾವಾಗಲೋ ಆಗಿಹೋಗಿತ್ತು. ನಹಾಸ್ ಈ ತಂಡಕ್ಕೆ ಸೇರಿದ್ದು 2015ರಲ್ಲಿ. ಆ ಒಂಬತ್ತು ವರ್ಷದ ಸೋಲು ಗೆಲುವು ಎರಡರಲ್ಲೂ ಅವರು ಇದ್ದರು. ಮೈದಾನದಲ್ಲಿದ್ದ ಹುಡುಗಿಯರನ್ನು ತಂಡಕ್ಕೆ ಕರೆತರುವಾಗ, ತರಬೇತಿ ಕೊಡುವಾಗ ಅವರ ಕೈ ಇತ್ತು. ಹೊರಗಿನವರು ಬಂದಿದ್ದರೆ ಮೊದಲ ತಿಂಗಳು ಹೆಸರು ಕಲಿಯುವುದರಲ್ಲೇ ಹೋಗುತ್ತಿತ್ತು. ಕಾಲೇಜು ಸಾಕರ್‌ನಲ್ಲಿ ಆ ಒಂದು ತಿಂಗಳು ಅಂದರೆ ಸೀಸನ್ನಿನ ಕಾಲು ಭಾಗ.

ಕೊನೇ ಗಳಿಗೆಯಲ್ಲಿ ಬಿಟ್ಟು ಹೋಗುವುದರಲ್ಲೂ ಒಂದು ಚಾಣಾಕ್ಷತನ ಇದೆ. ದೊಡ್ಡ ಕೋಚ್ ಸೀಸನ್ ಮುಗಿದ ಮೇಲೆ ಹೋದರೆ ಉತ್ತರಾಧಿಕಾರಿಯನ್ನು ಆಡಳಿತ ಆರಿಸುತ್ತದೆ. ಸೀಸನ್ ಶುರುವಾಗುವಾಗ ಹೋದರೆ ಆ ಜಾಗ ತಾನಾಗಿಯೇ ಅಸಿಸ್ಟೆಂಟ್‌ಗೆ ಸಿಗುತ್ತದೆ. ಡೊರಾನ್ಸ್ ಹಾಗೆ ಎಣಿಸಿಯೇ ಮಾಡಿದರು ಅನ್ನುವುದಕ್ಕೆ ನನ್ನ ಹತ್ತಿರ ಆಧಾರ ಇಲ್ಲ, ಆ ಮಾತು ಹೇಳುವುದೂ ಇಲ್ಲ. ಪರಿಣಾಮ ಮಾತ್ರ ಅದೇ. ಮತ್ತು ಚಾಪೆಲ್ ಹಿಲ್‌ಗೆ ಇದು ಹೊಸದೇನಲ್ಲ. ಡೀನ್ ಸ್ಮಿತ್ 1997ರ ಅಕ್ಟೋಬರ್‌ನಲ್ಲಿ, ಬಾಸ್ಕೆಟ್‌ಬಾಲ್ ಸೀಸನ್ ಹತ್ತಿರ ಬಂದಿರುವಾಗ, ಹೀಗೇ ಎದ್ದು ಹೋಗಿದ್ದರು. ಆ ಕಥೆಗೆ ಮುಂದೆ ಬರುತ್ತೇನೆ, ಅದು ಮುಖ್ಯ.

ಒಳಗಿನವರಿಗೇ ಕೊಡುವುದಕ್ಕೆ ಒಂದು ಬೆಲೆ ಇದೆ. ಅಮೆರಿಕದ ಮಹಿಳಾ ಕಾಲೇಜು ಸಾಕರ್‌ನಲ್ಲಿ ಹೆಡ್ ಕೋಚ್‌ಗಳಲ್ಲಿ ಜಾಸ್ತಿ ಜನ ಗಂಡಸರೇ. ಈ ತಂಡದಲ್ಲಿ ಆಡಿ, ವಿಶ್ವಕಪ್ ಗೆದ್ದು, ಆಮೇಲೆ ಕೋಚಿಂಗ್‌ಗೆ ಇಳಿದ ಹೆಣ್ಣುಮಕ್ಕಳು ಎಷ್ಟೋ ಮಂದಿ. ನಾಲ್ಕು ದಿನದ ಅವಸರದಲ್ಲಿ ಅವರ ಹೆಸರು ಮೇಜಿಗೆ ಬರಲು ಸಮಯವಾದರೂ ಎಲ್ಲಿ? ನಹಾಸ್ ಯೋಗ್ಯರಲ್ಲ ಅಂತ ಇದರ ಅರ್ಥ ಅಲ್ಲ. ಬಾಗಿಲು ತೆರೆಯುವ ಮೊದಲೇ ಮುಚ್ಚಿತು ಅಂತ ಅಷ್ಟೇ.

ಇನ್ನೊಂದು ಮಾತು, ಬಿಟ್ಟರೆ ಬರಹ ಅರ್ಧ ಆಗುತ್ತದೆ. 1998ರಲ್ಲಿ ಇಬ್ಬರು ಹಳೆಯ ಆಟಗಾರ್ತಿಯರು ಡೊರಾನ್ಸ್ ಮತ್ತು ವಿಶ್ವವಿದ್ಯಾಲಯದ ಮೇಲೆ ಲೈಂಗಿಕ ಕಿರುಕುಳದ ಮೊಕದ್ದಮೆ ಹೂಡಿದ್ದರು. ಕಿರುಕುಳದ ಆರೋಪವನ್ನು ಡೊರಾನ್ಸ್ ಒಪ್ಪಲಿಲ್ಲ. ಎರಡೂ ಪ್ರಕರಣಗಳು ರಾಜಿಯಲ್ಲಿ ಮುಗಿದವು, ಎರಡನೆಯದು 2008ರವರೆಗೆ ಎಳೆಯಿತು. ಆ ಹತ್ತು ವರ್ಷವೂ ಅವರು ಕೋಚ್ ಆಗಿಯೇ ಇದ್ದರು, ಟೈಟಲ್ ಗೆಲ್ಲುತ್ತಲೇ ಇದ್ದರು. ಒಂದು ಕಾರ್ಯಕ್ರಮದಿಂದ ಏನು ಬಯಸುತ್ತೇವೆ ಅನ್ನುವ ಪಟ್ಟಿಯಲ್ಲಿ ಟ್ರೋಫಿ ಒಂದೇ ಇದ್ದರೆ ಉಳಿದದ್ದನ್ನು ಯಾರು ಕೇಳುತ್ತಾರೆ? ಇದನ್ನು ಹೊಸ ಕೋಚ್ ಬರುವಾಗ ಆಡಳಿತ ಬರೆದಿಡಬೇಕು, ಆಮೇಲೆ ಅಲ್ಲ.

ಸೀಸನ್

ನಹಾಸ್ ಕೈಗೆ ಬಂದದ್ದು ಹಳೆಯ ತಂಡ ಅಲ್ಲ. ಅಮೆರಿಕದ ವೃತ್ತಿಪರ ಮಹಿಳಾ ಲೀಗ್ ಎನ್‌ಡಬ್ಲ್ಯುಎಸ್‌ಎಲ್‌ನ ತಂಡಗಳು ಸರದಿಯಂತೆ ಕಾಲೇಜು ಆಟಗಾರ್ತಿಯರನ್ನು ಆರಿಸಿಕೊಳ್ಳುತ್ತಿದ್ದ ಡ್ರಾಫ್ಟ್‌ನಲ್ಲಿ, 2024ರ ಜನವರಿಯಲ್ಲಿ, ಮೊದಲ ಎರಡು ಆಯ್ಕೆಗಳೂ ಇದೇ ಕಾಲೇಜಿನವು. ಆಲಿ ಸೆಂಟ್ನರ್ ಯೂಟಾ ರಾಯಲ್ಸ್‌ಗೆ, ಸ್ಯಾವಿ ಕಿಂಗ್ ಬೇ ಎಫ್‌ಸಿಗೆ ಹೋದರು. ಕಿಂಗ್ ಈ ಕಾಲೇಜಿನಲ್ಲಿ ಆಡಿದ್ದು ಒಂದೇ ಸೀಸನ್. ಇನ್ನೂ ಕೆಲವರು ವೃತ್ತಿಪರ ತಂಡಗಳಿಗೆ ಹೊರಟಿದ್ದರು. ಹೊಸ ಮುಖಗಳು ಜಾಸ್ತಿ ಇದ್ದ ತಂಡ, ಹೊಸ ಕೋಚ್. ಮೇಲಾಗಿ ತವರಿನ ಪಂದ್ಯ ಆಡುವ ಮೈದಾನದ ಹೆಸರು ಡೊರಾನ್ಸ್ ಫೀಲ್ಡ್!

ವಿಚಿತ್ರ ಅಂದರೆ, ಇದೇ ಅವರಿಗೆ ಅನುಕೂಲವೂ ಆಯಿತು ಅನಿಸುತ್ತದೆ. ಹಂಗಾಮಿ ಕೋಚ್‌ನಿಂದ ಯಾರೂ ಟೈಟಲ್ ಕೇಳುವುದಿಲ್ಲ. ಸೀಸನ್ ಸುಮಾರಾಗಿ ಮುಗಿದಿದ್ದರೂ 'ಪಾಪ, ನಾಲ್ಕೇ ದಿನ ಸಿಕ್ಕಿತ್ತು' ಅನ್ನುತ್ತಿದ್ದರು. ನಲವತ್ತೈದು ವರ್ಷದಲ್ಲಿ ಮೊದಲ ಸಲ ಆ ಬೆಂಚಿನಲ್ಲಿ ಕೂತವರಿಗೆ ಸೋಲುವ ಸ್ವಾತಂತ್ರ್ಯ ಇತ್ತು.

ತಂಡ 22 ಗೆದ್ದು 5 ಸೋತಿತು. ಐದು ಸೋಲು ಅಂದರೆ ಹಳೆಯ ಚಾಪೆಲ್ ಹಿಲ್ ಲೆಕ್ಕದಲ್ಲಿ ಬಹಳ. ಆದರೆ ಒಂದೂ ಡ್ರಾ ಇಲ್ಲ, ಡಿಸೆಂಬರ್‌ನಲ್ಲಿ ಒಂದೂ ಸೋಲಿಲ್ಲ. ಕೊನೆಯ ನಾಲ್ಕು ತಂಡಗಳು ಎಸಿಸಿ ಒಂದೇ ಒಕ್ಕೂಟದವು: ನಾರ್ತ್ ಕೆರೊಲಿನಾ, ಡ್ಯೂಕ್, ವೇಕ್ ಫಾರೆಸ್ಟ್ ಮತ್ತು ಆ ವರ್ಷವಷ್ಟೇ ಎಸಿಸಿ ಸೇರಿದ್ದ ಸ್ಟ್ಯಾನ್‌ಫರ್ಡ್. ಪಂದ್ಯ ನಡೆದದ್ದು ಕ್ಯಾರಿ ಊರಿನ ವೇಕ್‌ಮೆಡ್ ಸಾಕರ್ ಪಾರ್ಕ್‌ನಲ್ಲಿ, ಎರಡು ವರ್ಷದ ಹಿಂದೆ ಯುಸಿಎಲ್‌ಎ ಎದುರು ಸೋತ ಅದೇ ಜಾಗ. (ಕ್ಯಾರಿ, ಮಾರಿಸ್‌ವಿಲ್ ಕಡೆ ಭಾರತೀಯರು ಬಹಳ, ಕನ್ನಡದವರೂ ಇದ್ದಾರೆ. ಇಷ್ಟು ದೊಡ್ಡ ಪಂದ್ಯ ಮನೆ ಹತ್ತಿರವೇ ನಡೆಯುತ್ತದೆ ಅಂತ ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ!)

ನನಗೆ ಫೈನಲ್‌ಗಿಂತ ಸೆಮಿಫೈನಲ್ ಜಾಸ್ತಿ ಆಸಕ್ತಿಯದ್ದು. ಎದುರಿಗೆ ಡ್ಯೂಕ್. ಅದರ ಕೋಚ್ ರಾಬಿ ಚರ್ಚ್ 2001ರಿಂದ ಅಲ್ಲಿದ್ದವರು. 2024 ತಮ್ಮ ಕೊನೆಯ ಸೀಸನ್ ಅಂತ ಮುಂಚಿತವಾಗಿಯೇ ಹೇಳಿದ್ದರು. ಮುಂದಿನ ಕೋಚ್ ಕೀರನ್ ಹಾಲ್ ಅನ್ನುವುದೂ ಮೊದಲೇ ಗೊತ್ತಿತ್ತು. ಅವರೂ ಅಸೋಸಿಯೇಟ್ ಹೆಡ್ ಕೋಚೇ. ಅಂದರೆ ಪಕ್ಕಪಕ್ಕದ ಎರಡು ಊರು, ಒಂದೇ ವರ್ಷ, ಒಂದೇ ಥರದ ಉತ್ತರಾಧಿಕಾರಿ. ಬೇರೆ ಇದ್ದದ್ದು ಹಸ್ತಾಂತರ ಮಾಡಿದ ರೀತಿ ಮಾತ್ರ. ಒಬ್ಬರು ಊರಿಗೆಲ್ಲ ಹೇಳಿ ಹೊರಟರು, ಇನ್ನೊಬ್ಬರು ಹೇಳದೆ ಹೊರಟರು. ಡ್ಯೂಕ್ 3-0 ಸೋತಿತು. ಚರ್ಚ್ ಅವರ ತಂಡ 2011 ಮತ್ತು 2015ರ ಎರಡೂ ಫೈನಲ್ 1-0 ಸೋತಿತ್ತು. ಟೈಟಲ್ ಒಂದೂ ಸಿಗದೆ ಅವರು ನಿವೃತ್ತರಾದರು, ಆದರೂ ಡ್ಯೂಕ್‌ನಲ್ಲಿ ಅವರನ್ನು ಸೋತ ಕೋಚ್ ಅಂತ ಯಾರೂ ಕರೆಯುವುದಿಲ್ಲ. ಅಲ್ಲಿಯ ನಿರೀಕ್ಷೆಯೇ ಬೇರೆ.

ಈ ಒಂದು ಪಂದ್ಯದಿಂದ ಹೇಳದೆ ಹೋಗುವುದೇ ಒಳ್ಳೆಯದು ಅಂತ ಯಾರಾದರೂ ಸಾಬೀತು ಮಾಡಲು ಹೊರಟರೆ ನಾನು ಒಪ್ಪುವುದಿಲ್ಲ. ತೊಂಬತ್ತು ನಿಮಿಷದ ಆಟ ಅಷ್ಟು ಭಾರ ಹೊರುವುದಿಲ್ಲ.

ಫೈನಲ್ ಬಿಗಿಯಾಗಿತ್ತು. ಟೋನಿ ಡ ಲೂಜ್ 1997ರಿಂದ ಕಟ್ಟಿದ ವೇಕ್ ಫಾರೆಸ್ಟ್‌ಗೆ ಅದು ಮೊದಲ ಫೈನಲ್. ಒಲಿವಿಯಾ ಥಾಮಸ್ 62ನೇ ನಿಮಿಷದಲ್ಲಿ ಹೊಡೆದ ಗೋಲು ಒಂದೇ ಎರಡೂ ತಂಡಗಳ ನಡುವಿನ ಅಂತರ. ಆ ಚೆಂಡು ಒಳಗೆ ಹೋಗದೆ, ಪಂದ್ಯ ಶೂಟೌಟ್‌ಗೆ ಹೋಗಿ ಸೋತಿದ್ದರೆ ನಹಾಸ್ ಅವರಿಗೆ ಕೆಲಸ ಸಿಗುತ್ತಿತ್ತೇ? ಸಿಗಬೇಕಿತ್ತು. ಅವರ ಕೆಲಸದ ಗುಣಮಟ್ಟ ಒಂದು ಗೋಲಿನಿಂದ ಬದಲಾಗುವುದಿಲ್ಲ. ಆದರೆ ಆಗ ಕನ್ನಿಂಗ್‌ಹ್ಯಾಮ್ ಕೂತು ಯೋಚಿಸಲೇಬೇಕಾಗುತ್ತಿತ್ತು: ಈ ತಂಡದಿಂದ ನಾವು ಈಗ ಏನು ಬಯಸುತ್ತೇವೆ? ವರ್ಷ ವರ್ಷ ಟೈಟಲ್ಲೋ, ಮೂರು ವರ್ಷಕ್ಕೊಮ್ಮೆ ಸೆಮಿಫೈನಲ್ಲೋ? ಡೊರಾನ್ಸ್ ಇರುವವರೆಗೆ ಈ ಪ್ರಶ್ನೆಯನ್ನು ಅವರೆದುರು ಯಾರು ಎತ್ತುತ್ತಾರೆ? ಕೇಳಲು ಸಿಕ್ಕ ಒಂದೇ ಗಳಿಗೆ ಕೋಚ್ ಬದಲಾದ ಆ ಗಳಿಗೆ. ಟ್ರೋಫಿ ಬಂತು, ಎಲ್ಲರೂ ಕುಣಿದರು, ಪ್ರಶ್ನೆ ಅಲ್ಲೇ ಬಿತ್ತು. ನಿರೀಕ್ಷೆ ಮತ್ತೆ ಹಳೆಯ ಎತ್ತರಕ್ಕೇ ಹೋಗಿ ಕೂತಿತು.

ಹೊರಗಿನಿಂದ ತಂದವರ ಕಥೆ

ಒಳಗಿನವರೇ ಯಾವಾಗಲೂ ಸರಿ ಅನ್ನುವ ಪಾಠ ಇಲ್ಲಿಂದ ತೆಗೆಯಬೇಡಿ. ಹಿಂದಿನ ಎರಡು ವರ್ಷ ನೋಡಿ. ಯುಸಿಎಲ್‌ಎಯ ಅಮಾಂಡಾ ಕ್ರಾಮ್‌ವೆಲ್ ವೃತ್ತಿಪರ ತಂಡಕ್ಕೆ ಹೋದಾಗ ಆ ಕಾಲೇಜು ಸ್ಟ್ಯಾನ್‌ಫರ್ಡ್‌ನ ಅಸಿಸ್ಟೆಂಟ್ ಮಾರ್ಗರೀಟ್ ಅಓಜಾಸಾ ಅವರನ್ನು ತಂದಿತು. ಅವರು ಮೊದಲ ಸೀಸನ್‌ನಲ್ಲೇ, 2022ರಲ್ಲಿ, ಟೈಟಲ್ ಗೆದ್ದರು. ಗೆದ್ದದ್ದು ಇದೇ ನಾರ್ತ್ ಕೆರೊಲಿನಾ ಮೇಲೆ. ಫ್ಲಾರಿಡಾ ಸ್ಟೇಟ್‌ನ ಮಾರ್ಕ್ ಕ್ರಿಕೋರಿಯನ್ 2021ರ ಟೈಟಲ್ ಗೆದ್ದು ಕೆಲವೇ ತಿಂಗಳಲ್ಲಿ ಬಿಟ್ಟು ಹೋದರು. ಟೆನಿಸಿಯಿಂದ ಬ್ರಯನ್ ಪೆನ್ಸ್ಕಿ ಬಂದರು. ತಮ್ಮ ಎರಡನೇ ಸೀಸನ್ 2023ರಲ್ಲಿ ಒಂದೂ ಪಂದ್ಯ ಸೋಲದೆ, ಫೈನಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ಗೆ 5-1 ಹೊಡೆದು ಗೆದ್ದರು.

ಸತತ ಮೂರು ವರ್ಷ ಟೈಟಲ್ ಗೆದ್ದವರು ಆ ಜಾಗಕ್ಕೆ ಹೊಸಬರು. ಇಬ್ಬರು ಹೊರಗಿನವರು, ಒಬ್ಬರು ಒಳಗಿನವರು. ಮೂವರಿಗೂ ಸಮಾನವಾಗಿ ಸಿಕ್ಕಿದ್ದು ಗಟ್ಟಿ ತಂಡ. ಆ ಆಟಗಾರ್ತಿಯರಲ್ಲಿ ಬಹುಪಾಲು ಹಿಂದಿನ ಕೋಚ್ ಆರಿಸಿ ತಂದವರು. ಹಾಗಾಗಿ ಮೊದಲ ಎರಡು ವರ್ಷದ ಫಲಿತಾಂಶ ನೋಡಿ ಹೊಸ ಕೋಚ್‌ಗೆ ಅಂಕ ಕೊಡುವುದು ಅವಸರ. ಮೂರನೇ ನಾಲ್ಕನೇ ವರ್ಷಕ್ಕೆ ಅವರೇ ಆರಿಸಿದ ತಂಡ ಮೈದಾನಕ್ಕೆ ಬರುತ್ತದೆ. ಅಳೆಯುವುದಿದ್ದರೆ ಆಗ ಅಳೆಯಬೇಕು.

ಈಗ ಡೀನ್ ಸ್ಮಿತ್ ಕಥೆ. ಅವರು ಹೋದಾಗ ಮೂವತ್ತು ವರ್ಷ ಅಸಿಸ್ಟೆಂಟ್ ಆಗಿದ್ದ ಬಿಲ್ ಗತ್ರಿಜ್ ಬಂದರು. ಮೊದಲ ಸೀಸನ್‌ನಲ್ಲೇ 34 ಗೆಲುವು, 4 ಸೋಲು. 1998ರಲ್ಲೂ 2000ದಲ್ಲೂ ತಂಡವನ್ನು ಫೈನಲ್ ಫೋರ್‌ಗೆ, ಅಂದರೆ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕಕ್ಕೆ, ಕೊಂಡೊಯ್ದು ನಿವೃತ್ತರಾದರು. ಹಸ್ತಾಂತರ ಅಂದರೆ ಹೀಗಿರಬೇಕು ಅಂತ ಎಲ್ಲರೂ ಹೊಗಳಿದರು. ಆಮೇಲೆ ಬಂದವರು ಮ್ಯಾಟ್ ಡೋಹರ್ಟಿ, ಹಿಂದೆ ಅಲ್ಲೇ ಆಡಿದವರು. ಹಳೆಯ ಅಸಿಸ್ಟೆಂಟ್‌ಗಳನ್ನು ಬಿಟ್ಟು ನೋಟರ್ ಡೇಮ್‌ನಿಂದ ತಮ್ಮವರನ್ನು ಕರೆತಂದರು. 2001-02ರಲ್ಲಿ 8 ಗೆಲುವು, 20 ಸೋಲು. 2003ರಲ್ಲಿ ಅವರು ಹೊರನಡೆದರು, ರಾಯ್ ವಿಲಿಯಮ್ಸ್ ಬಂದ ಮೇಲೆ ತಂಡ ಮತ್ತೆ ನೆಲೆಗೆ ಬಂತು. ದೊಡ್ಡ ಕೋಚ್ ಹೋದದ್ದರ ಪೆಟ್ಟು ಕಾಣಿಸಿದ್ದು ನಾಲ್ಕೈದು ವರ್ಷ ತಡವಾಗಿ, ಮೊದಲ ಉತ್ತರಾಧಿಕಾರಿಯ ಮೇಲಲ್ಲ, ಎರಡನೆಯವರ ಮೇಲೆ.

ನಹಾಸ್ ಮುಂದೆ ಈಗ ಇರುವುದು

ಅವರು ಕೆಲಸ ವಹಿಸಿಕೊಂಡದ್ದು ನಿಯಮಗಳೆಲ್ಲ ಒಟ್ಟಿಗೆ ಬದಲಾಗುತ್ತಿರುವ ಹೊತ್ತಿನಲ್ಲಿ. 2021ರಿಂದ ಆಟಗಾರ್ತಿಯರು ತಮ್ಮ ಹೆಸರು, ಚಿತ್ರ ಬಳಸಿ ದುಡಿಯಬಹುದು. ಟ್ರಾನ್ಸ್‌ಫರ್ ಪೋರ್ಟಲ್‌ನಿಂದ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋಗುವುದು ಸುಲಭ ಆಗಿದೆ. 2024ರ ಆಗಸ್ಟ್‌ನಲ್ಲಿ, ಡೊರಾನ್ಸ್ ನಿವೃತ್ತಿಯಾದ ತಿಂಗಳಲ್ಲೇ, ಎನ್‌ಡಬ್ಲ್ಯುಎಸ್‌ಎಲ್ ಡ್ರಾಫ್ಟ್ ಪದ್ಧತಿಯನ್ನೇ ಕೈಬಿಟ್ಟಿತು. ಇನ್ನು ಮೇಲೆ ಆಟಗಾರ್ತಿ ತನಗೆ ಬೇಕಾದ ತಂಡದ ಜೊತೆ ನೇರವಾಗಿ ಮಾತಾಡಿ ಒಪ್ಪಂದ ಮಾಡಿಕೊಳ್ಳಬಹುದು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ 'ಹೌಸ್' ಒಪ್ಪಂದದ (ಕಾಲೇಜು ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆಯ ರಾಜಿ) ಪ್ರಕಾರ ಮಹಿಳಾ ಸಾಕರ್‌ಗೆ 14 ಸ್ಕಾಲರ್‌ಶಿಪ್‌ನ ಮಿತಿ ಹೋಗಿ 28 ಆಟಗಾರ್ತಿಯರ ಮಿತಿ ಬಂದಿದೆ.

ಈ ಕೊನೆಯದು ಚಾಪೆಲ್ ಹಿಲ್‌ಗೆ ನೇರವಾಗಿ ತಟ್ಟುತ್ತದೆ. ಡೊರಾನ್ಸ್ ತಂಡಗಳು ದೊಡ್ಡವು. ದಣಿಯುವವರೆಗೆ ಓಡಿ ಒತ್ತಡ ಹಾಕು, ಆಮೇಲೆ ಬೆಂಚಿನಿಂದ ಹೊಸ ಕಾಲುಗಳನ್ನು ಇಳಿಸು. ಅದು ಅವರ ಆಟದ ಜೀವ. ಬೆಂಚು ಚಿಕ್ಕದಾದರೆ ಆ ಆಟ ಕಷ್ಟ. ಸ್ಕಾಲರ್‌ಶಿಪ್‌ಗೆ ಮಿತಿ ಇಲ್ಲದಾಗ ದುಡ್ಡಿರುವ ಬೇರೆ ಕಾಲೇಜುಗಳಿಗೂ ಒಳ್ಳೆಯ ಹುಡುಗಿಯರನ್ನು ಸೆಳೆಯುವುದು ಸಲೀಸು. ಅದೇ ಒಪ್ಪಂದದಡಿ ಕಾಲೇಜುಗಳು ಆಟಗಾರರಿಗೆ ಹಂಚುವ ದುಡ್ಡಿನಲ್ಲಿ ಪುರುಷರ ಅಮೆರಿಕನ್ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಕಡೆಗೇ ದೊಡ್ಡ ಪಾಲು ಹೋಗುತ್ತಿರುವಾಗ ಮಹಿಳಾ ಸಾಕರ್‌ಗೆ ಉಳಿಯುವುದೆಷ್ಟು?

ನಾನು ಕನ್ನಿಂಗ್‌ಹ್ಯಾಮ್ ಜಾಗದಲ್ಲಿದ್ದಿದ್ದರೆ ನಹಾಸ್ ಜೊತೆ ಒಪ್ಪಂದ ಮಾಡಿಕೊಳ್ಳುವಾಗಲೇ ಮೂರು ವಿಷಯ ಕಾಗದದ ಮೇಲೆ ಹಾಕುತ್ತಿದ್ದೆ. ಟೈಟಲ್ ಎಣಿಸುವ ಬದಲು, ನಾಲ್ಕು ವರ್ಷದಲ್ಲಿ ಎಷ್ಟು ಸಲ ಕೊನೆಯ ಎಂಟಕ್ಕೆ ಬಂದರು ಅಂತ ನೋಡುವುದು. ತಂಡ ಬಿಟ್ಟು ಹೋಗುವ ಪ್ರತಿಯೊಬ್ಬರನ್ನೂ ಕೋಚ್ ಅಲ್ಲದ ಬೇರೆಯವರು ಕೂರಿಸಿಕೊಂಡು ಯಾಕೆ ಹೋಗುತ್ತಿದ್ದೀರಿ ಅಂತ ಕೇಳುವುದು. ಮತ್ತು ಈಗಲೇ ಒಬ್ಬ ಮಹಿಳಾ ಅಸಿಸ್ಟೆಂಟ್‌ಗೆ ಮುಂದೆ ಹೆಡ್ ಕೋಚ್ ಆಗುವಷ್ಟು ಕೆಲಸ ಒಪ್ಪಿಸುವುದು. ನಹಾಸ್ ಬೆಳೆದದ್ದು ಅದೇ ರೀತಿ ತಾನೆ? ಈ ಮೂರರಲ್ಲಿ ಮೊದಲನೆಯದನ್ನು ಹಳೆಯ ವಿದ್ಯಾರ್ಥಿಗಳು, ಅಭಿಮಾನಿಗಳು ಒಪ್ಪುವುದಿಲ್ಲ ಅಂತ ಗೊತ್ತು. 22 ಟೈಟಲ್ ನೋಡಿದವರಿಗೆ ಕೊನೆಯ ಎಂಟು ಸಾಕು ಅಂತ ಹೇಳುವುದು ಯಾವ ಅಥ್ಲೆಟಿಕ್ ಡೈರೆಕ್ಟರ್‌ಗೂ ಬೇಡದ ಕೆಲಸ. ಅದನ್ನು ಹೇಳದೆ ಬಿಟ್ಟರೆ, ಯಾವುದೋ ಒಂದು ನವೆಂಬರ್‌ನಲ್ಲಿ ತಂಡ ಎರಡನೇ ಸುತ್ತಿನಲ್ಲಿ ಸೋತಾಗ ಪತ್ರಕರ್ತರ ಮುಂದೆ ನಹಾಸ್ ಒಬ್ಬರೇ ಕೂತು ಹೇಳಬೇಕಾಗುತ್ತದೆ.